ಗೌರಿಯ ನೀರಿನಲ್ಲಿ ಉಳಿದದ್ದು

ನಮ್ಮ ಮನೆಯ ಗೌರಿಗೆ ಅಂಗಡಿಯ ಮಣ್ಣು ಆಗುತ್ತಿರಲಿಲ್ಲ. ಅಡ್ಯಾರ್ ಹೊಳೆ ಸಮುದ್ರ ಸೇರುವ ಕಡೆ, ನೀರು ಇಳಿದ ಹೊತ್ತಿನಲ್ಲಿ ತೆಗೆದ ಮೆಕ್ಕಲು ಮಣ್ಣೇ ಬೇಕಿತ್ತು. ಮದುವೆಯಾಗಿ ಮೈಸೂರಿನಿಂದ ಬಂದ ವರ್ಷ ಅತ್ತೆ ನನಗೆ ಇದನ್ನು ಹೇಳಿದರು. ಊರಿಗೆ ಚೆನ್ನೈ ಎಂಬ ಹೆಸರು ಬಂದು ಸ್ವಲ್ಪ ಕಾಲವಾಗಿತ್ತು, ಆದರೆ ನಮ್ಮ ಮಂದವೆಳಿಯ ಮನೆಯಲ್ಲಿ ಯಾರ ಬಾಯಲ್ಲೂ ಅದಿನ್ನೂ ಮದ್ರಾಸೇ ಆಗಿತ್ತು.

ಅತ್ತೆಯ ತವರು ಕಾವೇರಿಯ ದಡ. ಅಲ್ಲಿ ಹೊಳೆಯ ಮಣ್ಣು ತಂದು ಗೌರಿ ಮಾಡಿ ಹೊಳೆಗೇ ಬಿಡುತ್ತಿದ್ದರಂತೆ. ಮದ್ರಾಸಿಗೆ ಬಂದಾಗ ಅವರ ಅತ್ತೆ ಯೋಚಿಸಿ ಒಂದು ತೀರ್ಮಾನ ಕೊಟ್ಟರು: ಸಮುದ್ರ ಸೇರುವ ಜಾಗದ ಮಣ್ಣು ತಂದರೆ ಎಲ್ಲಾ ಹೊಳೆಗಳ ಮಣ್ಣೂ ತಂದ ಹಾಗೆ. ಬಿಡುವುದು ಮಾತ್ರ ಮನೆಯಲ್ಲೇ, ತಾಮ್ರದ ಹಂಡೆಯಲ್ಲಿ. ಆ ಹಂಡೆಗೆ ಸಂಬಂಧಿಸಿ ಇನ್ನೊಂದು ಕಟ್ಟಳೆಯಿತ್ತು. ಗೌರಿ ತವರಿಗೆ ಬಂದವಳು, ಹಬ್ಬಕ್ಕೆ ಬಂದ ಮನೆಮಗಳೂ ತವರಿಗೆ ಬಂದವಳು. ಇಬ್ಬರನ್ನೂ ಒಟ್ಟಿಗೇ ಕಳಿಸಬೇಕು. ಗೌರಿ ಪೂರ್ತಿ ಕರಗುವ ತನಕ ಮಗಳು ಹೊಸಿಲು ದಾಟುವ ಹಾಗಿಲ್ಲ. ಕೆಸರು ತಳದಲ್ಲಿ ಕೂತು, ಮೇಲಿನ ನೀರು ತಿಳಿಯಾಗಿ, ಅದರಲ್ಲಿ ಏನೂ ತೇಲದೆ ಇದ್ದರೆ ಗೌರಿ ಹೋದಳು ಎಂದು ಅರ್ಥ. ಆಮೇಲೆ ನೀರು ತುಳಸಿಗೆ, ಮಗಳು ಗಂಡನ ಮನೆಗೆ.

ಮಾವ ತೀರಿಹೋಗಿದ್ದರು. ಹಾಗಾಗಿ ಅತ್ತೆ ಗೌರಿಯನ್ನಾಗಲಿ ಗೌರಿಯ ಹಂಡೆಯನ್ನಾಗಲಿ ಮುಟ್ಟುತ್ತಿರಲಿಲ್ಲ. ನಡುಮನೆಯ ಬಾಗಿಲ ಹತ್ತಿರ ಮಣೆಯ ಮೇಲೆ ಕೂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ.

“ಮೂಗು ಸ್ವಲ್ಪ ಎತ್ತು. ಇದೇನು ನಿನ್ನ ಕಾನ್ವೆಂಟ್ ಸಿಸ್ಟರ್ ಮೂಗಿನ ಥರ ಮಾಡಿದ್ದೀಯ?”

ಕಾನ್ವೆಂಟಿನಲ್ಲಿ ನನಗೆ ಕಸೂತಿ ಕಲಿಸಿದ್ದರು, ಮೆಲ್ಲಗೆ ಮಾತಾಡುವುದನ್ನು ಕಲಿಸಿದ್ದರು, ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದೆಂದು ಕಲಿಸಿದ್ದರು. ಪ್ರತಿವರ್ಷ ಒಂದು ಬುಧವಾರ ಸಿಸ್ಟರ್ ಹುಡುಗಿಯರ ಹಣೆಗೆ ಬೂದಿ ಹಚ್ಚಿ, ಎಲ್ಲವೂ ಮಣ್ಣಿಗೇ ಮರಳುತ್ತದೆ ಎನ್ನುತ್ತಿದ್ದರು. ಅತ್ತೆಯ ಹಂಡೆಯೂ ಅದನ್ನೇ ಹೇಳುತ್ತಿತ್ತು. ಎರಡು ಕಡೆಯವರೂ ಒಂದೇ ಮಾತು ಹೇಳುವಾಗ ಅನುಮಾನಪಡಲು ನನಗೆ ಕಾರಣವಿರಲಿಲ್ಲ.

ಮೊದಲ ವರ್ಷದ ಮಣ್ಣು ಕಪ್ಪಗೆ, ಬೆಣ್ಣೆಯಷ್ಟು ನುಣುಪಾಗಿತ್ತು. ವಾಸನೆ ಇತ್ತು, ಒಳಗೆ ಪುಟ್ಟ ಪುಟ್ಟ ಚಿಪ್ಪುಗಳಿದ್ದವು. ಮೊರದಲ್ಲಿ ಹರಡಿ ಆರಿಸುತ್ತಿದ್ದಾಗ ಹಸಿರು ನೈಲಾನ್ ಎಳೆಯೊಂದು ಬೆರಳಿಗೆ ಸುತ್ತಿಕೊಂಡಿತು. ಬಲೆಯದಿರಬೇಕು ಎಂದುಕೊಂಡು ಎತ್ತಿ ಹಾಕಿದೆ.

ಮಾರನೆಯ ವರ್ಷ ಮಣ್ಣಿನಲ್ಲಿ ಮುತ್ತಿನಂಥ ಬಿಳಿ ಕಾಳುಗಳು ಸಿಕ್ಕವು. ನೆನೆಸಿದ ಸಬ್ಬಕ್ಕಿಯ ಹಾಗೆ ದುಂಡಗೆ, ಅರೆಪಾರದರ್ಶಕವಾಗಿದ್ದವು. ನನ್ನ ಜೊತೆ ಮೊರದ ಮುಂದೆ ಕೂತಿದ್ದವಳು ನನ್ನ ನಾದಿನಿ, ಆಗಿನ್ನೂ ಮದುವೆಯಾಗದೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿದಳು.

“ಅತ್ಗೆ, ಇದು ಮೀನಿನ ಮೊಟ್ಟೆ. ಸತ್ಯಮಾ, ನಿಜವಾಗ್ಲೂ.”

ನಮ್ಮ ಮನೆಯಲ್ಲಿ ಯಾರೂ ಮೀನಿನ ಮೊಟ್ಟೆ ನೋಡಿದವರಲ್ಲ. ಮಾಂಸ ಮೀನು ಹತ್ತಿರಕ್ಕೂ ಬರದ ಮನೆ. ಬಾಗಿಲ ಬಳಿ ಕೂತಿದ್ದ ಅತ್ತೆ ಎದ್ದು ನಿಂತೇಬಿಟ್ಟರು.

“ಪಾವಂ ಕಣೇ. ಗೌರಿ ಮಣ್ಣಲ್ಲಿ ಜೀವ ಹತ್ಯೆ ಆದ್ರೆ ಏನು ಗತಿ? ಒಂದೂ ಒಡೀಬಾರದು. ಇಬ್ಬರೂ ಈಗಲೇ ಹೋಗಿ ತಂದ ಜಾಗದಲ್ಲೇ ಬಿಟ್ಟು ಬನ್ನಿ.”

ಸ್ಟೀಲ್ ಡಬ್ಬಿಗೆ ನೀರು ಹಾಕಿ, ಉಪ್ಪುನೀರಿನ ಜೀವಗಳು ಎಂದು ಚಿಟಿಕೆ ಉಪ್ಪೂ ಹಾಕಿ, ಕಾಳುಗಳನ್ನು ಒಂದೊಂದಾಗಿ ಅದಕ್ಕೆ ಬಿಟ್ಟೆವು. ಅವು ಮುಳುಗದೆ ಮೇಲೆಯೇ ತೇಲಿದವು. ಬದುಕಿವೆ ಎಂದು ನಮಗೆ ಸಮಾಧಾನವಾಯಿತು. ಬಸ್ಸಿನಲ್ಲಿ ನಾದಿನಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬ್ರೇಕ್ ಹಾಕಿದಾಗಲೆಲ್ಲ ಅಂಗೈಯಿಂದ ಮುಚ್ಚುತ್ತಿದ್ದಳು. ಹೊಳೆಬಾಯಿಯ ಕೆಸರಿನಲ್ಲಿ ಪಾದ ಹುದುಗಿಸಿ ನಿಂತು, ಬಗ್ಗಿ ಡಬ್ಬಿಯನ್ನು ಓರೆ ಮಾಡಿದಳು.

“ಹೋಗ್ರೋ, ಹುಷಾರಾಗಿರಿ. ದೊಡ್ಡವರಾದ್ಮೇಲೆ ಬಲೆಗೆ ಬೀಳಬೇಡಿ.”

ಇಬ್ಬರೂ ನಕ್ಕೆವು. ಕೆಸರಿನಿಂದ ಕಾಲು ಕೀಳಲಾಗದೆ ಅವಳು ನನ್ನ ತೋಳು ಹಿಡಿದುಕೊಂಡಳು, ಅದಕ್ಕೂ ನಕ್ಕೆವು.

ಸಂಜೆ ನನ್ನವರು ಕೆಲಸದಿಂದ ಬಂದರು. ಪೆರುಂಗುಡಿಯ ಕಡೆ ಪ್ಲಾಸ್ಟಿಕ್ ಬಕೆಟ್, ಕೊಡ ಮಾಡುವ ಚಿಕ್ಕ ಕಾರ್ಖಾನೆಯೊಂದರಲ್ಲಿ ಅವರು ಇಂಜಿನಿಯರ್. ಮೊರದ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿ, ಊಟದ ಎಲೆಯ ಮುಂದೆ ಕೂತು ನಗತೊಡಗಿದರು.

“ಇದು ದಾನಾ. ನಮ್ಮಲ್ಲಿ ಮೂಟೆಗಟ್ಟಲೆ ಬರತ್ತೆ, ಇದನ್ನೇ ಕಾಯಿಸಿ ಬಕೆಟ್ ಮಾಡೋದು. ನೀವಿಬ್ರೂ ಬಸ್ ಹತ್ತಿ ಹೋಗಿ ಬಕೆಟ್ ಮರಿ ಬಿಟ್ಟು ಬಂದ್ರಾ?”

“ಅದು ಹೊಳೆಗೆ ಹೇಗೆ ಬಂತು?” ಎಂದು ಕೇಳಿದೆ.

“ಇಳಿಸೋವಾಗ ಮೂಟೆ ಒಡೀತವೆ. ಗುಡಿಸಿ ಚರಂಡಿಗೆ ತಳ್ತಾರೆ. ಎಲ್ಲಾ ಕಡೇನೂ ಹಾಗೇ. ಸಾರು ಹಾಕು.”

ಅತ್ತೆ ಮಗನ ಮಾತನ್ನು ಕೇಳಿಸಿಕೊಂಡು ಕೇಳಿದ್ದು ಒಂದೇ. “ಮೊಟ್ಟೆ ಅಲ್ಲ ತಾನೆ? ಹಾಗಾದ್ರೆ ದೋಷ ಇಲ್ಲ.”

“ಬೇರೆ ಕಡೆಯಿಂದ ಮಣ್ಣು ತರಬಹುದಲ್ಲ ಅತ್ತೆ” ಎಂದೆ.

“ಅಕ್ಕೀಲಿ ಕಲ್ಲು ಬರತ್ತೆ. ಅನ್ನ ತಿನ್ನೋದು ಬಿಟ್ಟಿದ್ದೀವಾ? ಆರಿಸು.”

ಆರಿಸಿದೆ. ಆಮೇಲೆ ನಾದಿನಿಗೆ ಮದುವೆಯಾಯಿತು. ತಿರುಚ್ಚಿಯಲ್ಲಿ ನೆಲೆಸಿದ ಕನ್ನಡದವರ ಮನೆ, ಬ್ಯಾಂಕಿನ ಅಧಿಕಾರಿ. ಹುಡುಗ ಮೆಲುದನಿಯವನು, ತಟ್ಟೆಯಲ್ಲಿ ಒಂದಗುಳೂ ಬಿಡದೆ ಊಟ ಮಾಡುತ್ತಿದ್ದ. ಮಗಳನ್ನು ಕಾವೇರಿಯ ಊರಿಗೆ ಕೊಟ್ಟೆ ಎಂದು ಅತ್ತೆ ಬೀದಿಯ ಕನ್ನಡದವರಿಗೆಲ್ಲ ಹೇಳಿಕೊಂಡರು. ಮೊದಲೆರಡು ವರ್ಷ ಅವಳು ಹಬ್ಬಕ್ಕೆ ಬರಲಿಲ್ಲ. ಮೂರನೆಯ ವರ್ಷ ಒಬ್ಬಳೇ ಬಂದಳು.

ಆಗಸ್ಟ್ ತಿಂಗಳ ಸೆಖೆಯಲ್ಲಿ ಮೊಣಕೈ ದಾಟುವ ತೋಳಿನ ರವಿಕೆ ಹಾಕಿದ್ದಳು. ಫೋನ್ ರಿಂಗಾದರೆ ಕೈ ತಾನಾಗಿ ಗಂಟಲಿಗೆ ಹೋಗುತ್ತಿತ್ತು. ಸ್ನಾನದ ಮನೆಗೆ ಹೋದರೆ ಚಿಲಕ ಹಾಕುತ್ತಿರಲಿಲ್ಲ. ಬಾಗಿಲಿಗೆ ಬಕೆಟ್ ಒತ್ತರಿಸಿ ಇಡುತ್ತಿದ್ದಳು. ಅತ್ತೆ ಇದನ್ನು ಹುಡುಗಾಟ ಎಂದರು.

ಗೌರಿಯ ಮಣ್ಣು ಆರಿಸಲು ಕೂತಾಗ ಅವಳೇ ಬಾಯಿ ಬಿಟ್ಟಳು. ಆ ವರ್ಷದ ಮಣ್ಣಿನಲ್ಲಿ ದಾನಾ ಕಡಿಮೆ, ಚೂರುಗಳೇ ಹೆಚ್ಚು. ಕೈಚೀಲಗಳ ನೀಲಿ, ಶಾಂಪೂ ಪೊಟ್ಟಣಗಳ ಬೆಳ್ಳಿ ಬಣ್ಣ, ಥರ್ಮೊಕೋಲಿನ ಬಿಳಿ. ಎಲ್ಲವೂ ಬಿಸಿಲಿಗೆ ಪೆಡಸಾಗಿ, ಅಲೆಗೆ ನುರಿದು, ರಂಗೋಲಿ ಪುಡಿಯಷ್ಟು ಸಣ್ಣಗಾಗಿದ್ದವು. ಉಗುರಿನಿಂದ ಎತ್ತಲು ಹೋದರೆ ಮಣ್ಣಿನೊಳಗೇ ಇನ್ನಷ್ಟು ಮುರಿಯುತ್ತಿದ್ದವು.

“ಅತ್ಗೆ, ಅವರು ಆಫೀಸಿಗೆ ಹೋಗೋವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ.”

“ಯಾವತ್ತಾದ್ರೂ ಒಂದು ದಿನವಾ?”

“ದಿನಾ. ಪಕ್ಕದ ಮನೆಯವರ ಜೊತೆ ಮಾತಾಡಿದೆ ಅಂತ ಶುರುವಾಯ್ತು. ಈಗ ಕಿಟಕಿಗೂ ಹಲಗೆ ಹೊಡೆಸಿದ್ದಾರೆ. ಒಂದು ಸಲ ಗ್ಯಾಸ್ ವಾಸನೆ ಬಂತು. ಬಾಗಿಲು ಬಡಿದೆ, ಕೂಗಿದೆ. ಸಾಯಂಕಾಲ ಬಂದು, ಯಾಕೆ ಕೂಗಿದೆ, ಬೀದೀಲಿ ಮರ್ಯಾದೆ ಹೋಯ್ತು ಅಂದ್ರು.” ರವಿಕೆಯ ತೋಳು ಮಡಿಸಿ ತೋರಿಸಿದಳು. ಬಾಗಿಲಿಗೆ ಬಡಿದುಕೊಂಡ ಗುರುತುಗಳು ಹಳದಿಯಾಗಿ ಮಾಸುತ್ತಿದ್ದವು. “ನಾನು ಅಲ್ಲಿಗೆ ಮತ್ತೆ ಹೋಗಲ್ಲ.”

ಅತ್ತೆಗೂ ಅದೇ ದಿನ ಹೇಳಿದಳು. ಅವರು ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ.

“ಆ ಕಡೆ ಕಳ್ಳರು ಜಾಸ್ತಿಯಂತೆ. ಹೆಂಡತಿ ಮೇಲೆ ಅಕ್ಕರೆ ಇರೋನು ಬೀಗ ಹಾಕ್ತಾನೆ. ನಿಮ್ಮಪ್ಪ ನನ್ನ ಬೀಚಿಗೆ ಕಳಿಸ್ತಿದ್ರಾ?”

“ಬೀಗ ಹಾಕ್ತಿದ್ರಾ ಅಮ್ಮ?”

“ಬೀಗ ಬೇಕಾಗಿರಲಿಲ್ಲ. ನಾನಾಗೇ ಹೋಗ್ತಿರಲಿಲ್ಲ.” ದಾರ ಬಿಗಿದು ಗಂಟು ಹಾಕಿದರು. “ಗೌರಿ ಕಳಿಸಿದ ದಿನ ಮಧ್ಯಾಹ್ನದ ಟ್ರೈನ್‌ಗೆ ನೀನೂ ಹೊರಡು. ಹೆಚ್ಚು ದಿನ ಇದ್ರೆ ಜನ ಕೇಳ್ತಾರೆ.”

ನಾದಿನಿ “ಸರಿ ಅಮ್ಮ. ಗೌರಿ ಕರಗಲಿ. ಪೂರ್ತಿ ಕರಗಿದ ಮೇಲೆ ಹೋಗ್ತೀನಿ” ಎಂದಳು. ಆ “ಪೂರ್ತಿ” ಎಂಬ ಮಾತನ್ನು ಹೇಳುವಾಗ ಅವಳು ನೋಡುತ್ತಿದ್ದದ್ದು ಮೊರದಲ್ಲಿದ್ದ ಮಣ್ಣನ್ನು.

ಹಬ್ಬವಾಯಿತು. ಹದಿನಾರು ಗಂಟಿನ ದಾರ ಕಟ್ಟಿಕೊಂಡೆವು, ಮೊರದ ಬಾಗಿನ ಕೊಟ್ಟೆವು. ಗೌರಿಯನ್ನು ಕಳಿಸುವ ಬೆಳಿಗ್ಗೆ ನಾನೂ ನಾದಿನಿಯೂ ಒಂದೊಂದು ಕಡೆ ಹಿಡಿದು ಹಂಡೆಗೆ ಇಳಿಸಿದೆವು. ಮೊದಲು ಕಿವಿ ಹೋಯಿತು, ಆಮೇಲೆ ಅತ್ತೆ ತಿದ್ದಿಸಿದ ಮೂಗು. ಕೆಸರು ಮೋಡದಂತೆ ಎದ್ದು ನಿಧಾನವಾಗಿ ತಳಕ್ಕೆ ಕೂತಿತು. ಅದು ಕೂರುತ್ತಿದ್ದ ಹಾಗೆ ಒಳಗಿದ್ದ ಚೂರುಗಳೆಲ್ಲ ಮೇಲಕ್ಕೆ ಬಂದವು. ನೀರಿನ ಮೇಲೆ ನೀಲಿ, ಬಿಳಿ, ಬೆಳ್ಳಿಯ ಕೆನೆ ಕಟ್ಟಿತು. ನಾದಿನಿ ಅಂಗೈ ಅದ್ದಿ ಎತ್ತಿದಳು. ಕೈತುಂಬ ಬಣ್ಣದ ಚುಕ್ಕೆಗಳು.

“ಅಮ್ಮ, ಗೌರಿ ಇನ್ನೂ ಇದ್ದಾಳೆ.”

ಅತ್ತೆ ಬಾಗಿಲ ಬಳಿಯಿಂದ ಕತ್ತು ಚಾಚಿದರು. ಅವರ ಮುಖ ಬಿಳಿಚಿಕೊಂಡದ್ದು ನಿಜ. ಆ ಹೊತ್ತಿಗೆ ಅವರು ನಿಜವಾಗಿ ಹೆದರಿದ್ದರು ಎಂದೇ ನಾನು ಈಗಲೂ ನಂಬುತ್ತೇನೆ. ಮಧ್ಯಾಹ್ನದ ಟ್ರೈನು ಅವಳಿಲ್ಲದೆ ಹೋಯಿತು. ಮಾರನೆಯ ದಿನದ್ದೂ ಹೋಯಿತು.

ಹಂಡೆ ನಡುಮನೆಯಲ್ಲೇ ಉಳಿಯಿತು. ಹಳಸಿದ ಮಣ್ಣಿನ ವಾಸನೆ ಅಡುಗೆಮನೆಗೂ ಬರತೊಡಗಿತು. ಆ ವಾಸನೆಯ ನಡುವೆ ನಾದಿನಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು, ಮಧ್ಯಾಹ್ನ ಗಾಢವಾಗಿ ನಿದ್ದೆ ಮಾಡಿದಳು, ರವಿಕೆಯ ತೋಳು ಮಡಿಸಿದಳು. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಹಂಡೆಯ ಹತ್ತಿರ ಹೋಗಿ ಬಗ್ಗಿ ನೋಡಿ, ನನ್ನ ಕಡೆ ತಿರುಗಿ ಹುಬ್ಬು ಕುಣಿಸುತ್ತಿದ್ದಳು. ಸ್ನಾನದ ಮನೆಯ ಚಿಲಕ ಬಿದ್ದ ಸದ್ದು ಒಂದು ದಿನ ನನಗೆ ಕೇಳಿಸಿತು. ಅಷ್ಟು ಸಣ್ಣ ಸದ್ದಿಗೆ ನನಗೆ ಕಣ್ಣಲ್ಲಿ ನೀರು ಬಂತು.

ತಿರುಚ್ಚಿಯಿಂದ ಫೋನ್ ಬಂದಾಗ ಅತ್ತೆಯೇ ತೆಗೆದುಕೊಂಡರು. “ಇನ್ನೂ ಗೌರಿ ಕರಗಿಲ್ಲ, ಅಳಿಯಂದಿರೇ. ನಮ್ಮ ಮನೇಲಿ ಹಾಗೆ ಕಳಿಸೋ ಪದ್ಧತಿ ಇಲ್ಲ” ಎಂದರು. ಆ ಕಡೆಯವನು ಏನೋ ಮೆಲ್ಲಗೆ ಹೇಳಿರಬೇಕು. ಅತ್ತೆ “ಸರಿ, ಸರಿ” ಎನ್ನುತ್ತಾ ಸೆರಗಿನಿಂದ ಕತ್ತು ಒರೆಸಿಕೊಂಡರು.

ಭಾನುವಾರ ನನ್ನವರು ಮನೆಯಲ್ಲಿದ್ದರು. ಮೂಗು ಮುಚ್ಚಿಕೊಂಡು ಹಂಡೆಯ ಹತ್ತಿರ ಬಂದು ಬಗ್ಗಿ ನೋಡಿದರು.

“ಅಮ್ಮ, ಇದಕ್ಕಾ ಇಷ್ಟು ದಿನ ಕಾದಿದ್ದು? ಇದು ಪ್ಲಾಸ್ಟಿಕ್. ಬಿಸಿಗೆ ಕರಗತ್ತೆ, ನೀರಿಗೆ ಕರಗಲ್ಲ. ನೀನು ಮುಂದಿನ ಹಬ್ಬದ ತನಕ ಕಾದರೂ ಹೀಗೇ ಇರತ್ತೆ.”

“ಅಂದ್ರೆ ಇದು ಗೌರಿ ಅಲ್ಲ?”

“ಗೌರಿ ಅವತ್ತೇ ತಳದಲ್ಲಿ ಕೂತಳು. ಇದು ಕಸ.”

ಅವರು ಪೇಪರ್ ತೆಗೆದುಕೊಂಡು ವರಾಂಡಕ್ಕೆ ಹೋದರು. ತಂಗಿಯನ್ನು ಕಳಿಸಬೇಕೆಂದು ಅವರು ಹೇಳಿರಲಿಲ್ಲ. ಹಂಡೆಯಲ್ಲಿರುವುದು ಏನೆಂದು ಹೇಳಿದ್ದರು, ಅಷ್ಟೆ. ತಿಳಿದವರು ಹೀಗೆಯೇ ಒಂದು ಸತ್ಯ ಹೇಳಿ ಪೇಪರ್ ಓದಲು ಹೋಗುತ್ತಾರೆ.

“ಇನ್ನಷ್ಟು ದಿನ ಇರಲಿ ಬಿಡಿ ಅತ್ತೆ. ಅವಳ ತೋಳು ನೋಡಿ” ಎಂದೆ. ಮನೆಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

“ಒಳಗೆ ಹೋಗಿ ಅನ್ನ ನೋಡು.”

ಅತ್ತೆ ಮಣೆಯಿಂದ ಎದ್ದರು. ಅಡುಗೆಮನೆಯಿಂದ ಹಾಲು ಸೋಸುವ ಜಾಲರಿ ತಂದರು. ಮಾವ ಹೋದಾಗಿನಿಂದ ಮುಟ್ಟದ ಹಂಡೆಯ ಮುಂದೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆನೆ ತೆಗೆಯುವ ಹಾಗೆ ನೀರಿನ ಮೇಲೆ ಜಾಲರಿ ಆಡಿಸತೊಡಗಿದರು.

ನಾದಿನಿ ಗೋಡೆಗೆ ಒರಗಿ ನಿಂತಿದ್ದಳು. “ಅಮ್ಮ, ನೀನು ಗೌರಿ ಹಂಡೆ ಮುಟ್ಟಿದೆ.”

“ಗೌರಿ ಎಲ್ಲಿದ್ದಾಳೆ ಈಗ? ನಿಮ್ಮಣ್ಣ ಹೇಳಲಿಲ್ವಾ, ಇದು ಕಸ. ಕಸ ಮುಟ್ಟೋಕೆ ಮುತ್ತೈದೆನೇ ಆಗಬೇಕಾ?”

ಜಾಲರಿಯಲ್ಲಿ ದೊಡ್ಡ ಚೂರುಗಳು ನಿಂತವು. ಸಣ್ಣವು ತೂತುಗಳಿಂದ ಇಳಿದು ಮತ್ತೆ ನೀರಿಗೇ ಸೇರಿದವು. ಬಾಗಿಲಿನಲ್ಲಿ ನಿಂತ ನನಗೆ ಅವು ಬಿಸಿಲಿಗೆ ಮಿನುಗುವುದು ಕಾಣುತ್ತಿತ್ತು. ನಾದಿನಿಗೂ ಕಾಣುತ್ತಿತ್ತು. ಅವಳು ಬೆರಳು ತೋರಿಸಿದಳು, ಅತ್ತೆ ಅತ್ತ ನೋಡಲಿಲ್ಲ.

“ಆಯ್ತು. ಕರಗಿದಳು. ನೀರು ತುಳಸಿಗೆ ಹಾಕಿ” ಎಂದು ಮೇಲೆದ್ದರು.

ಮಧ್ಯಾಹ್ನ ಎಗ್ಮೋರ್ ಸ್ಟೇಷನ್ನಿಗೆ ನನ್ನವರೂ ನಾನೂ ಅವಳನ್ನು ಬಿಡಲು ಹೋದೆವು. ನನ್ನವರು ನೀರಿನ ಬಾಟಲಿ ತರಲು ಹೋದಾಗ ಅವಳು ರೈಲಿನ ಕಿಟಕಿಯ ಸರಳುಗಳ ಮೇಲೆ ಗಲ್ಲ ಇಟ್ಟು ಹೇಳಿದಳು.

“ನಮ್ಮಣ್ಣ ದೊಡ್ಡ ಇಂಜಿನಿಯರ್ ಅತ್ಗೆ. ಎಷ್ಟು ಬೇಗ ಮುಗಿಸಿಬಿಟ್ಟ ನೋಡು.”

“ಫೋನ್ ಮಾಡು.”

“ಫೋನಿಗೂ ಪುಟ್ಟ ಬೀಗ ಇದೆ. ಡಯಲ್ ತಿರುಗದ ಹಾಗೆ, ಮೊದಲನೇ ನಂಬರ್ ಹತ್ರಾನೇ.” ಹೇಳಿ ನಕ್ಕಳು. ಕೆಸರಿನಲ್ಲಿ ನಿಂತು ನಕ್ಕವಳ ನಗುವಾಗಿರಲಿಲ್ಲ ಅದು.

ಮುಂದಿನ ವರ್ಷ ಹೊಳೆಬಾಯಿಯ ಮಣ್ಣು ಬೇಡವೆಂದು ಅತ್ತೆ ತಾವೇ ಹೇಳಿದರು. ತಿರುಚ್ಚಿಗೆ ಫೋನ್ ಮಾಡಿ ಕಾವೇರಿ ಮಣ್ಣು ಕಳಿಸಲು ಹೇಳಿದ್ದರು. ಹಬ್ಬಕ್ಕೆ ಮುಂಚೆ ಅಳಿಯನೇ ಬಂದ, ಬಟ್ಟೆಯ ಚೀಲದಲ್ಲಿ ಮಣ್ಣು ಹಿಡಿದುಕೊಂಡು. ಬಾಗಿಲಲ್ಲಿ ಚಪ್ಪಲಿಗಳನ್ನು ಜೋಡಿಸಿ ಬಿಟ್ಟ.

“ಅವಳು ಬರಲಿಲ್ವಾ?” ಎಂದು ಕೇಳಿದೆ.

“ಮನೆ ನೋಡ್ಕೊಳ್ಳೋರು ಬೇಕಲ್ಲ” ಎಂದ, ಮೆಲ್ಲಗೆ. ಹೋಳಿಗೆಯನ್ನು ಚೊಕ್ಕವಾಗಿ ತಿಂದ.

ಆ ಮಣ್ಣು ಹೊಂಬಣ್ಣದ್ದು. ಆರಿಸಲು ಏನೂ ಇರಲಿಲ್ಲ. ಹಂಡೆಗೆ ಇಳಿಸಿದ ಗೌರಿ ಅತ್ತೆ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಹೋದಳು. ನೀರಿನ ಮೇಲೆ ಒಂದು ಎಳೆಯೂ ಇಲ್ಲ. ಅತ್ತೆ ಬಾಗಿಲ ಬಳಿಯಿಂದ ಕೈಮುಗಿದರು.

“ನೋಡಿದೆಯಾ? ಅವಳು ಅಲ್ಲಿ ಚೆನ್ನಾಗಿದ್ದಾಳೆ ಅಂತ ಅರ್ಥ.”

ಅದೇ ಸಮಾಧಾನದಲ್ಲಿ ಅವರು ಕೆಲವು ವರ್ಷಗಳ ನಂತರ ತೀರಿಕೊಂಡರು. ಅಮ್ಮನ ವೈಕುಂಠ ಸಮಾರಾಧನೆಗೆ ನಾದಿನಿ ಗಂಡನ ಜೊತೆ ಬಂದು, ಊಟವಾದ ಮೇಲೆ ಗಂಡನ ಜೊತೆಯೇ ಹೊರಟಳು. ನನ್ನವರು ತಂಗಿಯ ಹತ್ತಿರ ಏನೋ ಮಾತಾಡಬೇಕೆಂದು ಬಾಗಿಲ ತನಕ ಹೋಗಿ, ಹವೆಯ ಬಗ್ಗೆ ಮಾತಾಡಿ ಬಂದರು.

ಅತ್ತೆ ಸೋಸಿದ ಜಾಲರಿಯಲ್ಲಿ ಮತ್ತೆ ಹಾಲು ಸೋಸಲು ನನಗೆ ಮನಸ್ಸಾಗಲಿಲ್ಲ. ಅದು ಹಿಂದಿನ ಬಾಗಿಲ ಮೊಳೆಗೆ ನೇತಾಡುತ್ತಿದೆ. ಆ ವರ್ಷದ ನೀರು ಬಿದ್ದ ತುಳಸಿ ಒಣಗಿ, ಬೇರೆ ಗಿಡ ನೆಡಲು ಕುಂಡದ ಮಣ್ಣು ಮಗುಚಿದಾಗ, ಬೇರುಗಳು ಕೊಳೆತು ಪುಡಿಯಾಗಿದ್ದವು. ನೀಲಿ ಚೂರುಗಳು ಮಾತ್ರ ನಿನ್ನೆ ಅಂಗಡಿಯಿಂದ ತಂದವುಗಳ ಹಾಗಿದ್ದವು.

ಸುನಾಮಿಯಾಗಿ ಕೆಲವು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ನಡೆಯಲು ಹೋಗಿದ್ದಾಗ, ಹೊಳೆಬಾಯಿಯಲ್ಲಿ ಯಾವುದೋ ಕಾಲೇಜಿನ ಹುಡುಗಿಯರು ಮೊಣಕಾಲ ತನಕ ಕೆಸರಿನಲ್ಲಿ ನಿಂತು ಉದ್ದದ ಪಾರದರ್ಶಕ ಕೊಳವೆಯೊಂದನ್ನು ಕೆಳಕ್ಕೆ ಒತ್ತುತ್ತಿದ್ದರು. ಮೇಲೆ ಬಂದ ಕೊಳವೆಯಲ್ಲಿ ಮಣ್ಣು ಪದರ ಪದರವಾಗಿ ಕಾಣುತ್ತಿತ್ತು. ಏನು ನೋಡುತ್ತಿದ್ದೀರಿ ಎಂದು ಕೇಳಿದೆ. ಪ್ಲಾಸ್ಟಿಕ್ಕಿನ ಸಣ್ಣ ಚೂರು, ಆಂಟಿ ಎಂದರು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಹಳೆಯದು ಇನ್ನೂ ಸಣ್ಣದಾಗಿ ಮುರಿಯುತ್ತದೆ, ಇಲ್ಲವಾಗುವುದಿಲ್ಲ. ಒಬ್ಬಳು ನನಗಾಗಿ ಕೊಳವೆಯನ್ನು ಬೆಳಕಿಗೆ ಹಿಡಿದಳು. ಯಾವ ಪದರದಲ್ಲಿ ನಮ್ಮ ಆ ಹಬ್ಬವಿರಬಹುದೆಂದು ನೋಡಿದೆ. ನನ್ನ ಕಣ್ಣಿಗೆ ಎಲ್ಲವೂ ಕಪ್ಪಾಗಿಯೇ ಇತ್ತು.

ಆ ವೇಳೆಗೆ ನಾದಿನಿಯ ಹತ್ತಿರ ಒಂದು ಮೊಬೈಲ್ ಇತ್ತು, ಗಂಡನಿಗೆ ತಿಳಿಯದ್ದು. ಅಕ್ಕಿ ಡಬ್ಬಿಯಲ್ಲಿ ಹುದುಗಿಸಿ ಇಟ್ಟಿರುತ್ತಿದ್ದಳು. ಹಗಲು ಹೊತ್ತು ನನಗೆ ಫೋನ್ ಮಾಡುತ್ತಿದ್ದಳು. ಎಷ್ಟೋ ಸಲ ಹೇಳಿದ್ದೆ, ಹೊರಟು ಬಾ, ಬೀಗ ಒಡೆಸೋಣ ಎಂದು. ಇನ್ನು ಎಲ್ಲಿಗೆ ಅತ್ಗೆ ಎನ್ನುತ್ತಿದ್ದಳು. ಆ ದಿನ ಕೊಳವೆಯ ವಿಷಯ ಹೇಳಿದೆ.

“ಅಂದ್ರೆ ನಾವು ಡಬ್ಬೀಲಿ ತಗೊಂಡು ಹೋಗಿ ಬಿಟ್ವಲ್ಲ, ಆ ಮೊಟ್ಟೆಗಳು ಇನ್ನೂ ಅಲ್ಲೇ ಇವೆಯಾ?”

“ಇರಬೇಕು.”

“ಅವತ್ತಿನ ಹಂಡೇದು?”

“ಅದೂ ಎಲ್ಲೋ ಇದ್ದೇ ಇದೆ. ಕರಗೋದೇ ಇಲ್ಲವಂತೆ.”

ಅವಳ ಅಡುಗೆಮನೆಯ ಫ್ಯಾನ್ ತಿರುಗುವುದು ಕೇಳಿಸುತ್ತಿತ್ತು.

“ಹಾಗಾದ್ರೆ ಅಮ್ಮನ ರೂಲ್ ಪ್ರಕಾರ ನಾನು ಇನ್ನೂ ನಿಮ್ಮ ಮನೇಲೇ ಇರಬೇಕಾಗಿತ್ತು” ಎಂದಳು. “ಇರು ಅತ್ಗೆ.”

ಬೀಗಕ್ಕೆ ಕೀಲಿ ತಾಗುವ ಸದ್ದು ನನಗೂ ಕೇಳಿಸಿತು. ಆಮೇಲೆ ಅಕ್ಕಿ ಸರಿಯುವ ಸದ್ದು.